ಸೊಂಟದ ಶಸ್ತ್ರಚಿಕಿತ್ಸೆಯನ್ನು ಪರೀಕ್ಷೆಗೊಡ್ಡಿದ ಕಥೆ



ಸೊಂಟನೋವನ್ನು ಅರಿಯದ ಮನೆ ಹುಡುಕಿದರೂ ಸಿಗಲಾರದು. ಮೂಟೆ ಹೊರುವವರಿಗೂ ಅದು ಬರುತ್ತದೆ, ಇಡೀ ದಿನ ಕುರ್ಚಿಯಲ್ಲಿ ಕುಳಿತು ಲೆಕ್ಕ ಬರೆಯುವವರಿಗೂ ಬರುತ್ತದೆ. ಕೆಲವೊಮ್ಮೆ ನೋವು ಸೊಂಟದಲ್ಲೇ ನಿಲ್ಲದೆ ತೊಡೆಯ ಹಿಂಬದಿಯಿಂದ ಇಳಿದು ಮೀನಖಂಡದ ಮೂಲಕ ಪಾದದವರೆಗೆ ಎಳೆಯುತ್ತದೆ. ಇದನ್ನು ವೈದ್ಯರು ಸಯಾಟಿಕಾ ಎನ್ನುತ್ತಾರೆ. ಆಯುರ್ವೇದದವರು ಗೃಧ್ರಸಿ ಎಂದರು, ಯುನಾನಿ ಹಕೀಮರು ಇರ್ಕುನ್ನಸಾ ಎಂದು ಕರೆದರು. ಹೆಸರು ಮೂರಾದರೂ ನರಳಾಟ ಒಂದೇ.

ಇಂದು ಇಂತಹ ನೋವು ಬಂದವರು ಎಂ.ಆರ್.ಐ. ಸ್ಕ್ಯಾನಿಂಗ್ ಮಾಡಿಸುತ್ತಾರೆ. ಡಿಸ್ಕ್ ಹೊರಚಾಚಿದೆ, ನರ ಒತ್ತಿದೆ ಎಂದು ವರದಿ ಬರುತ್ತದೆ. ಆ ರಾತ್ರಿ ಮನೆಮಂದಿಯೆಲ್ಲ ಕುಳಿತು ಚರ್ಚಿಸುವ ವಿಷಯ ಒಂದೇ: ಆಪರೇಷನ್ ಮಾಡಿಸುವುದೋ ಬೇಡವೋ? ಮಾಡಿಸಿದರೆ ಒಡವೆ ಅಡವಿಡಬೇಕಾದೀತು. ಮಾಡಿಸದಿದ್ದರೆ ಕಾಲು ಸ್ವಾಧೀನ ತಪ್ಪೀತೆಂಬ ಭಯ. ನೆರೆಮನೆಯವರು ಮಾಡಿಸಿಕೊಂಡು ಗುಣವಾದ ಕಥೆ ಹೇಳುತ್ತಾರೆ, ನೆಂಟರು ಮಾಡಿಸಿಕೊಂಡು ಕೆಟ್ಟ ಕಥೆ ಹೇಳುತ್ತಾರೆ. ಈ ಎರಡು ಕಥೆಗಳ ನಡುವೆ ಸಿಕ್ಕಿಕೊಂಡವರಿಗೆ ಉತ್ತರ ಕೊಡಲು ವೈದ್ಯವಿಜ್ಞಾನ ಪಟ್ಟ ಪಾಡನ್ನು ಇಲ್ಲಿ ತಮ್ಮ ಮುಂದಿಡುತ್ತಿದ್ದೇನೆ. ವೈದ್ಯಕೀಯ ಕಲಿಯಲು ಹೊರಟಿರುವ ನಮ್ಮ ವಿದ್ಯಾರ್ಥಿಗಳು ಇದನ್ನು ವಿಶೇಷವಾಗಿ ಗಮನಿಸಬೇಕೆಂದು ನನ್ನ ಕೋರಿಕೆ.

ರೋಗದ ಮೂಲ ಸಿಕ್ಕಿದ ಬಗೆ

ಸಯಾಟಿಕಾ ಎಂಬುದು ನರದ ಕಾಯಿಲೆ ಎಂದು 1764ರಲ್ಲಿ ಇಟಲಿಯ ನೇಪಲ್ಸ್ ನಗರದ ದೊಮೆನಿಕೊ ಕೊತುನ್ಯೊ ಎಂಬ ವೈದ್ಯ ಒಂದು ಗ್ರಂಥ ಬರೆದು ತೋರಿಸಿದ. ಆದರೆ ಆ ನರವನ್ನು ಹಿಂಸಿಸುತ್ತಿರುವುದು ಏನೆಂದು ತಿಳಿಯಲು ಇನ್ನೂ 170 ವರ್ಷ ಬೇಕಾಯಿತು.

ಬೆನ್ನುಮೂಳೆ ಒಂದರ ಮೇಲೊಂದು ಕುಳಿತ ಮಣಿಗಳ ಸಾಲು. ಸೊಂಟದ ಭಾಗದಲ್ಲಿ ಇಂತಹ ಐದು ಮಣಿಗಳಿವೆ. ಎರಡು ಮಣಿಗಳ ನಡುವೆ ಮೆತ್ತೆಯಂತಹ ಒಂದು ಬಿಲ್ಲೆ ಇರುತ್ತದೆ; ಇದೇ ಡಿಸ್ಕ್. ಅದರ ಹೊರಭಾಗ ಗಟ್ಟಿಯಾದ ನಾರಿನ ಬಳೆ, ಒಳಗೆ ಲೋಳೆಯಂತಹ ತಿರುಳು. ವಯಸ್ಸಾದಂತೆ ತಿರುಳಿನ ನೀರು ಆರುತ್ತದೆ, ಬಳೆ ಬಿರುಕು ಬಿಡುತ್ತದೆ. ಬಿರುಕಿನಿಂದ ತಿರುಳು ಹೊರಬಂದು ಪಕ್ಕದ ನರದ ಬೇರಿಗೆ ತಗುಲಿದರೆ ಕಾಲಿನಲ್ಲಿ ಬೆಂಕಿ ಹೊತ್ತಿಕೊಂಡಂತಾಗುತ್ತದೆ. ಜನ ಡಿಸ್ಕ್ ಜಾರಿದೆ ಎನ್ನುತ್ತಾರೆ. ನಿಜವಾಗಿ ಅದು ಎಲ್ಲಿಗೂ ಜಾರುವುದಿಲ್ಲ, ಒಡೆಯುತ್ತದೆ.

ಇದನ್ನು ಖಚಿತವಾಗಿ ಹೇಳಿದವರು ಅಮೆರಿಕದ ಬಾಸ್ಟನ್ ನಗರದ ಇಬ್ಬರು ಶಸ್ತ್ರವೈದ್ಯರು, ವಿಲಿಯಂ ಜಾಸನ್ ಮಿಕ್ಸ್ಟರ್ ಮತ್ತು ಜೋಸೆಫ್ ಬಾರ್. ಅಲ್ಲಿಯವರೆಗೆ ಬೆನ್ನನ್ನು ತೆರೆದಾಗ ಸಿಕ್ಕುತ್ತಿದ್ದ ಚಿಕ್ಕ ಗಂಟುಗಳನ್ನು ಮೃದ್ವಸ್ಥಿಯ ಗೆಡ್ಡೆ ಎಂದು ಬರೆದಿಟ್ಟು ಬಿಡುತ್ತಿದ್ದರು. ಈ ಇಬ್ಬರು ತಮ್ಮ ಆಸ್ಪತ್ರೆಯಲ್ಲಿ ಕಾಪಿಟ್ಟಿದ್ದ ಹಳೆಯ ಗೆಡ್ಡೆಗಳನ್ನು ಮತ್ತೆ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರು. ಅವುಗಳಲ್ಲಿ ಬಹುಪಾಲು ಗೆಡ್ಡೆಗಳಾಗಿರದೆ ಒಡೆದ ಡಿಸ್ಕಿನ ಚೂರುಗಳಾಗಿದ್ದವು. ಸುಮಾರು ಇಪ್ಪತ್ತು ರೋಗಿಗಳ ವಿವರದೊಡನೆ 1934ರ ಆಗಸ್ಟ್‌ನಲ್ಲಿ ಅವರ ಲೇಖನ ಪ್ರಕಟವಾಯಿತು.

ಆ ಲೇಖನದ ಪರಿಣಾಮ ಅಗಾಧ. ನೋವಿಗೊಂದು ಕಾರಣ ಸಿಕ್ಕಿತು, ಕಾರಣವನ್ನು ಕತ್ತರಿಸಿ ತೆಗೆಯುವ ದಾರಿಯೂ ಸಿಕ್ಕಿತು. ಮುಂದಿನ ದಶಕಗಳಲ್ಲಿ ಡಿಸ್ಕ್ ಆಪರೇಷನ್ ಪ್ರಪಂಚದಾದ್ಯಂತ ಹರಡಿತು. ಸಾವಿರಾರು ಜನ ನೋವಿಲ್ಲದೆ ಎದ್ದು ನಡೆದರು. ವೈದ್ಯರು ತಮ್ಮ ರೋಗಿಗಳನ್ನು ಎಣಿಸಿ, ನೂರಕ್ಕೆ ಎಂಬತ್ತು, ತೊಂಬತ್ತು ಮಂದಿ ಗುಣವಾದರೆಂದು ಬರೆದರು. ಆದರೆ ಒಂದು ಪ್ರಶ್ನೆಯನ್ನು ಬಹುಕಾಲ ಯಾರೂ ಕೇಳಲಿಲ್ಲ. ಇದೇ ಜನರನ್ನು ಆಪರೇಷನ್ ಮಾಡದೆ ಬಿಟ್ಟಿದ್ದರೆ ಎಷ್ಟು ಮಂದಿ ಗುಣವಾಗುತ್ತಿದ್ದರು?

ಹೋಲಿಸಿ ನೋಡುವ ವಿದ್ಯೆ

ಈ ಪ್ರಶ್ನೆ ಹೊಸದೇನಲ್ಲ. ಸಾವಿರ ವರ್ಷಗಳ ಹಿಂದೆ ಅಬೂಬಕರ್ ಅಲ್ ರಾಝಿ, ಮಿದುಳಿನ ಉರಿಯೂತದ ಲಕ್ಷಣಗಳಿದ್ದ ರೋಗಿಗಳಲ್ಲಿ ಒಂದು ಗುಂಪಿಗೆ ರಕ್ತ ತೆಗೆಯುವ ಚಿಕಿತ್ಸೆ ಮಾಡಿ, ಇನ್ನೊಂದು ಗುಂಪನ್ನು ಬೇಕೆಂದೇ ಹಾಗೆಯೇ ಬಿಟ್ಟು ನೋಡಿದ್ದನ್ನು ತನ್ನ ಟಿಪ್ಪಣಿಗಳಲ್ಲಿ ಬರೆದಿಟ್ಟಿದ್ದಾನೆ. ರಕ್ತ ತೆಗೆಯುವುದು ಒಳ್ಳೆಯದೆಂಬ ಅವನ ನಿರ್ಣಯವನ್ನು ಇಂದಿನವರು ಒಪ್ಪುವುದಿಲ್ಲ. ಆದರೆ ಚಿಕಿತ್ಸೆಯಾದವರ ಪಕ್ಕದಲ್ಲಿ ಆಗದವರನ್ನು ನಿಲ್ಲಿಸದೆ ನಿಜ ತಿಳಿಯದು ಎಂಬ ಅವನ ಆಲೋಚನೆ ಗಟ್ಟಿಯಾದುದು.

ಅದರಲ್ಲಿ ಉಳಿದಿದ್ದ ದೋಷವೆಂದರೆ ಯಾರನ್ನು ಯಾವ ಗುಂಪಿಗೆ ಹಾಕಬೇಕೆಂದು ವೈದ್ಯನೇ ತೀರ್ಮಾನಿಸುವುದು. ಗಟ್ಟಿಮುಟ್ಟಾದವರನ್ನು ಒಂದು ಕಡೆ, ಬಡಕಲಾದವರನ್ನು ಇನ್ನೊಂದು ಕಡೆ ಹಾಕಿದರೆ ಹೋಲಿಕೆ ಕೆಟ್ಟಿತು. ಆದ್ದರಿಂದ ಗುಂಪು ಮಾಡುವ ಕೆಲಸವನ್ನು ಮನುಷ್ಯನ ಕೈಯಿಂದ ಕಸಿದು ಚೀಟಿಗೆ ಒಪ್ಪಿಸಲಾಯಿತು. 1948ರಲ್ಲಿ ಬ್ರಿಟನ್ನಿನಲ್ಲಿ ಕ್ಷಯರೋಗದ ಔಷಧಿ ಸ್ಟ್ರೆಪ್ಟೊಮೈಸಿನ್‌ನ ಪರೀಕ್ಷೆ ಪ್ರಕಟವಾಯಿತು. ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ರೂಪಿಸಿದ ಅದರಲ್ಲಿ ಯಾರಿಗೆ ಔಷಧಿ, ಯಾರಿಗೆ ಇಲ್ಲ ಎಂಬುದು ಮುಚ್ಚಿದ ಲಕೋಟೆಯಲ್ಲಿತ್ತು. ಲಕೋಟೆ ತೆರೆಯುವವರೆಗೆ ವೈದ್ಯರಿಗೂ ಗೊತ್ತಿಲ್ಲ. ಇಂದು ಹೊಸ ಔಷಧಿಗಳು ಇದೇ ಬಾಗಿಲಿನಿಂದ ಬರಬೇಕು.

ಮಾತ್ರೆಯ ವಿಷಯದಲ್ಲಿ ಇದು ಸುಲಭ. ನಿಜವಾದ ಮಾತ್ರೆಯ ಬದಲು ಅದರಂತೆಯೇ ಕಾಣುವ ಸಕ್ಕರೆ ಗುಳಿಗೆ ಕೊಟ್ಟರಾಯಿತು. ಚಾಕುವಿನ ವಿಷಯದಲ್ಲಿ ಹಾಗಲ್ಲ. ಅರಿವಳಿಕೆ ಕೊಟ್ಟು, ಬೆನ್ನು ಸೀಳಿ, ಏನೂ ಮಾಡದೆ ಹೊಲಿಯುವುದು ಸರಿಯೇ? ಬಹುಪಾಲು ವೈದ್ಯರು ಬೆನ್ನಿನ ಮಟ್ಟಿಗೆ ಇದಕ್ಕೆ ಒಪ್ಪಲಿಲ್ಲ. ಹೀಗಾಗಿ ರೋಗಿಗೂ ವೈದ್ಯನಿಗೂ ಯಾರಿಗೆ ಏನಾಯಿತೆಂದು ಗೊತ್ತಿರುವ ಪರೀಕ್ಷೆಗಳೇ ನಡೆದವು. ಹೊಲಿಗೆಯ ಗುರುತು ಬೆನ್ನ ಮೇಲಿರುವ ರೋಗಿ ತಾನು ಗುಣವಾದೆನೆಂದು ನಂಬುವ ಸಂಭವ ಹೆಚ್ಚು. ಮುಂದೆ ಹೇಳುವ ಎಲ್ಲ ಅಂಕಿಗಳನ್ನು ಓದುವಾಗ ಇದು ತಮ್ಮ ನೆನಪಿನಲ್ಲಿರಲಿ.

ಈ ನಡುವೆ ಒಂದು ಮೋಜಿನ ಅಧ್ಯಾಯವೂ ಉಂಟು. ಪಪ್ಪಾಯಿಕಾಯಿಯ ಹಾಲಿನಲ್ಲಿ ಮಾಂಸವನ್ನು ಮೆದುಮಾಡುವ ಗುಣವಿದೆ ಎಂಬುದು ನಮ್ಮ ಅಡಿಗೆಮನೆಗಳಿಗೆ ಹೊಸ ಸಂಗತಿಯಲ್ಲ. ಆ ಹಾಲಿನ ಕೈಮೊಪಾಪೈನ್ ಎಂಬ ಕಿಣ್ವವನ್ನು ಸೂಜಿಯಿಂದ ಡಿಸ್ಕಿನೊಳಗೆ ಹಾಕಿ ತಿರುಳನ್ನು ಕರಗಿಸುವ ವಿಧಾನವನ್ನು ಅಮೆರಿಕದ ಲೈಮನ್ ಸ್ಮಿತ್ 1964ರಲ್ಲಿ ವರದಿ ಮಾಡಿದ. ಸೂಜಿಯಾದ್ದರಿಂದ ಇಲ್ಲಿ ಸುಳ್ಳು ಚುಚ್ಚುಮದ್ದಿನೊಡನೆ ಹೋಲಿಕೆ ಸಾಧ್ಯವಾಯಿತು. ವಾದವಿವಾದಗಳ ನಂತರ 1982ರಲ್ಲಿ ಅಮೆರಿಕ ಸರ್ಕಾರ ಅನುಮತಿ ಕೊಟ್ಟಿತು. ಆದರೆ ಕೆಲವರಿಗೆ ಪಪ್ಪಾಯಿಯ ಕಿಣ್ವ ಮೈಗೊಗ್ಗದೆ ಪ್ರಾಣಾಪಾಯವಾಯಿತು. ಬಳಕೆ ಕುಗ್ಗುತ್ತಾ ಹೋಗಿ ಕೊನೆಗೆ ತಯಾರಿಕೆಯೇ ನಿಂತುಹೋಯಿತು.

ಓಸ್ಲೋದ ವೈದ್ಯನ ಹತ್ತು ವರ್ಷ

ಡಿಸ್ಕ್ ಆಪರೇಷನ್ನಿಗೆ ಚೀಟಿಯ ಪರೀಕ್ಷೆ ಒಡ್ಡಿದ ಕೀರ್ತಿ ನಾರ್ವೆ ದೇಶದ ಹೆನ್ರಿಕ್ ವೇಬರ್ ಎಂಬವರಿಗೆ ಸಲ್ಲಬೇಕು. ಓಸ್ಲೋ ನಗರದ ಉಲ್ಲೆವಾಲ್ ಆಸ್ಪತ್ರೆಯ ನರರೋಗ ವಿಭಾಗಕ್ಕೆ ಬಂದ 280 ರೋಗಿಗಳನ್ನು ಅವರು ಆರಿಸಿಕೊಂಡರು. ಎಲ್ಲರಲ್ಲೂ ಡಿಸ್ಕ್ ಒಡೆದಿರುವುದು ಎಕ್ಸ್‌ರೇ ಪರೀಕ್ಷೆಯಿಂದ ಖಚಿತವಾಗಿತ್ತು. ಮೊದಲು ಎರಡು ವಾರ ಹಾಸಿಗೆಯಲ್ಲಿ ವಿಶ್ರಾಂತಿ. ಅಷ್ಟರಲ್ಲಿ 87 ಮಂದಿಯ ಸ್ಥಿತಿ ಸುಧಾರಿಸುತ್ತಾ ಬಂತು. ಅವರಿಗೆ ಚಾಕು ಬೇಕಿರಲಿಲ್ಲ. ಇನ್ನು 67 ಮಂದಿಗೆ ಆಪರೇಷನ್ ಮಾಡದೆ ಗತ್ಯಂತರವಿರಲಿಲ್ಲ, ಅವರಿಗೆ ಮಾಡಲಾಯಿತು. ಉಳಿದವರು 126. ಮಾಡಬೇಕೋ ಬೇಡವೋ ಎಂದು ವೈದ್ಯರಿಗೇ ಸಂದೇಹವಿದ್ದ ಈ ನಡುವಿನವರನ್ನು ಮಾತ್ರ ವೇಬರ್ ಚೀಟಿಯ ಮೂಲಕ ಹಂಚಿದರು. 60 ಮಂದಿ ಆಪರೇಷನ್ನಿಗೆ, 66 ಮಂದಿ ಬರೀ ವ್ಯಾಯಾಮ, ಆರೈಕೆಗೆ.

ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ವೈದ್ಯನಿಗೆ ಉತ್ತರ ಗೊತ್ತಿದ್ದೂ ಚೀಟಿ ಎತ್ತಿದರೆ ಅದು ಅನ್ಯಾಯ. ಉತ್ತರ ಗೊತ್ತಿಲ್ಲದೆ ಗೊತ್ತಿದೆಯೆಂದು ನಟಿಸಿ ಕತ್ತರಿಸಿದರೆ ಅದೂ ಅನ್ಯಾಯವೇ. ವೇಬರ್ ಮೂರು ರಾಶಿ ಮಾಡಿದ್ದು ಈ ಎರಡು ಅನ್ಯಾಯಗಳನ್ನೂ ತಪ್ಪಿಸಲು. ಸಂದೇಹವೆಲ್ಲಿದೆಯೋ ಅಲ್ಲಿ ಮಾತ್ರ ಚೀಟಿ.

ನಂತರ ಆ ರೋಗಿಗಳನ್ನು ಅವರು ಬಿಟ್ಟುಬಿಡಲಿಲ್ಲ. ಒಂದು ವರ್ಷ, ನಾಲ್ಕು ವರ್ಷ, ಹತ್ತು ವರ್ಷ ಕಳೆದ ಮೇಲೆ ಮತ್ತೆ ಮತ್ತೆ ಕರೆದು ಪರೀಕ್ಷಿಸಿದರು. ಫಲಿತಾಂಶ 1983ರಲ್ಲಿ ಪೂರ್ತಿಯಾಗಿ ಹೊರಬಂತು. ಒಂದು ವರ್ಷದ ಕೊನೆಗೆ ಆಪರೇಷನ್ ಆದವರು ಸ್ಪಷ್ಟವಾಗಿ ಮುಂದಿದ್ದರು. ನಾಲ್ಕನೆಯ ವರ್ಷಕ್ಕೆ ಅಂತರ ಕಿರಿದಾಗಿ, ಅದು ಆಕಸ್ಮಿಕವೂ ಇರಬಹುದೆನ್ನುವಷ್ಟಕ್ಕೆ ಇಳಿದಿತ್ತು. ಅಲ್ಲಿಂದ ಹತ್ತನೆಯ ವರ್ಷದವರೆಗೆ ಎರಡೂ ಗುಂಪುಗಳು ಹೆಚ್ಚು ಬದಲಾಗದೆ ಜೊತೆಜೊತೆಗೆ ನಡೆದವು. ಅಂದರೆ ಚಾಕು ಕೊಟ್ಟದ್ದು ಬೇಗ ಸಿಗುವ ಉಪಶಮನವನ್ನು. ಕಾಲ ಕಳೆದಂತೆ ಪ್ರಕೃತಿಯೂ ಹೆಚ್ಚುಕಡಿಮೆ ಅದೇ ಜಾಗಕ್ಕೆ ತಲುಪಿಸಿತು.

ಈ ಅಧ್ಯಯನದಲ್ಲಿ ಒಂದು ತೊಡಕಿತ್ತು. ಆಪರೇಷನ್ ಬೇಡವೆಂದು ಚೀಟಿ ಬಂದ 66 ಮಂದಿಯಲ್ಲಿ 17 ಮಂದಿ ನೋವು ತಾಳಲಾರದೆ ಮೊದಲ ವರ್ಷದಲ್ಲೇ ಆಪರೇಷನ್ ಮಾಡಿಸಿಕೊಂಡರು. ಅವರನ್ನು ತಡೆಯುವ ಹಕ್ಕು ಯಾರಿಗೂ ಇಲ್ಲ, ತಡೆಯಲೂಬಾರದು. ಆದರೆ ಇದರಿಂದ ಹೋಲಿಕೆ ಕಲಕಿಹೋಗುತ್ತದೆ. ಈ ತೊಡಕು ಮುಂದೆ ಅಮೆರಿಕದಲ್ಲಿ ಬೆಟ್ಟದಷ್ಟಾಯಿತು.

ಚಿತ್ರದಲ್ಲಿ ಕಂಡದ್ದೆಲ್ಲ ರೋಗವಲ್ಲ

1980ರ ದಶಕದಲ್ಲಿ ಎಂ.ಆರ್.ಐ. ಯಂತ್ರ ಬಂತು. ಚರ್ಮ ಸೀಳದೆ ಡಿಸ್ಕನ್ನು ನೋಡುವ ಭಾಗ್ಯ ಒದಗಿತು. ಜೊತೆಗೆ ಒಂದು ಅಪಾಯವೂ ಬಂತು. 1994ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಬೆನ್ನುನೋವೇ ಇಲ್ಲದ 98 ಮಂದಿಯನ್ನು ಯಂತ್ರದೊಳಗೆ ಮಲಗಿಸಿ ಚಿತ್ರ ತೆಗೆದರು. ಎಲ್ಲ ಡಿಸ್ಕುಗಳೂ ಸರಿಯಾಗಿದ್ದವರು ನೂರಕ್ಕೆ 36 ಮಾತ್ರ. ನೂರಕ್ಕೆ 52 ಮಂದಿಯಲ್ಲಿ ಒಂದಾದರೂ ಡಿಸ್ಕ್ ಉಬ್ಬಿತ್ತು. 27 ಮಂದಿಯಲ್ಲಿ ಅದು ಇನ್ನೂ ಮುಂದಕ್ಕೆ ಚಾಚಿತ್ತು. ಇವರೆಲ್ಲ ಆರಾಮವಾಗಿ ಓಡಾಡಿಕೊಂಡಿದ್ದ ಜನ! ವಯಸ್ಸಾದಂತೆ ತಲೆಕೂದಲು ನರೆಯುವ ಹಾಗೆ ಡಿಸ್ಕೂ ಸವೆಯುತ್ತದೆ. ಸವೆದದ್ದೆಲ್ಲ ನೋಯುವುದಿಲ್ಲ. ವರದಿಯ ಕಾಗದ ನೋಡಿ ಗಾಬರಿಯಾಗುವವರಿಗೆ ನಾನು ಈ ಅಂಕಿಗಳನ್ನು ಹೇಳುವುದುಂಟು.

ಅದೇ ವರ್ಷದ ಇನ್ನೊಂದು ಸಮೀಕ್ಷೆ ಬೇರೆ ಬೇರೆ ದೇಶಗಳ ಬೆನ್ನಿನ ಆಪರೇಷನ್ನುಗಳನ್ನು ಎಣಿಸಿತು. ಜನಸಂಖ್ಯೆಗೆ ಹೋಲಿಸಿದರೆ ಅಮೆರಿಕದಲ್ಲಿ ಅವು ಇಂಗ್ಲೆಂಡ್ ಮತ್ತು ಸ್ಕಾಟ್‌ಲೆಂಡಿಗಿಂತ ಐದು ಪಟ್ಟಿಗೂ ಹೆಚ್ಚು ನಡೆಯುತ್ತಿದ್ದವು. ಅಮೆರಿಕನ್ನರ ಬೆನ್ನು ಇಂಗ್ಲಿಷರ ಬೆನ್ನಿಗಿಂತ ಐದು ಪಟ್ಟು ದುರ್ಬಲವಾಗಿರಲು ಸಾಧ್ಯವೇ?

ಅದಕ್ಕೂ ಎರಡು ವರ್ಷ ಮೊದಲು, 1992ರಲ್ಲಿ, ಸೊಂಟದ ಮಣಿಗಳನ್ನು ಬೆಸೆಯುವ ಶಸ್ತ್ರಚಿಕಿತ್ಸೆಯ ಬಗ್ಗೆ ಅದುವರೆಗಿನ ಲೇಖನಗಳನ್ನೆಲ್ಲ ಒಟ್ಟುಗೂಡಿಸಿ ನೋಡಲಾಗಿತ್ತು. ಒಳ್ಳೆಯ ಫಲ ಪಡೆದವರು ಸರಾಸರಿ ನೂರಕ್ಕೆ 68. ಆದರೆ ಒಂದು ಲೇಖನದಲ್ಲಿ 16, ಇನ್ನೊಂದರಲ್ಲಿ 95! ಚೀಟಿಯ ಮೂಲಕ ನಡೆದ ಪರೀಕ್ಷೆ ಒಂದೂ ಇರಲಿಲ್ಲ.

ಇಂತಹ ಮಾತು ಎಲ್ಲರಿಗೂ ರುಚಿಸುವುದಿಲ್ಲವೆಂಬುದಕ್ಕೆ ಸಾಕ್ಷಿ ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆಯೊಂದರ ಪಾಡು. 1994ರ ಡಿಸೆಂಬರಿನಲ್ಲಿ ಆ ಸಂಸ್ಥೆ ಸೊಂಟನೋವಿನ ಚಿಕಿತ್ಸೆಗೆ ಮಾರ್ಗದರ್ಶಿ ಪ್ರಕಟಿಸಿತು. ಹೆಚ್ಚಿನವರು ತಿಂಗಳೊಪ್ಪತ್ತಿನಲ್ಲಿ ತಾವಾಗಿ ಸುಧಾರಿಸುತ್ತಾರೆ, ಆಪರೇಷನ್ ಬೇಕಾಗುವುದು ಕೆಲವರಿಗೆ ಮಾತ್ರ ಎಂಬುದು ಅದರ ಸಾರ. ಬೆನ್ನಿನ ಶಸ್ತ್ರವೈದ್ಯರ ಒಂದು ಗುಂಪು ಸಿಟ್ಟಿಗೆದ್ದು ಸಂಸತ್ತಿನ ಸದಸ್ಯರ ಬಾಗಿಲು ತಟ್ಟಿತು. ಕೆಳಮನೆಯಲ್ಲಿ ಸಂಸ್ಥೆಯನ್ನೇ ಮುಚ್ಚುವ ಮಾತು ಬಂತು. ಕೊನೆಗೆ ಸಂಸ್ಥೆಯ ಜೀವ ಉಳಿಯಿತು. ಅನುದಾನಕ್ಕೆ ಕತ್ತರಿ ಬಿತ್ತು, ಮಾರ್ಗದರ್ಶಿ ಬರೆಯುವ ಕೆಲಸ ನಿಂತಿತು, 1999ರಲ್ಲಿ ಹೆಸರೂ ಬದಲಾಯಿತು.

ಚೀಟಿ ಮುರಿದ ರೋಗಿಗಳು

ಇಷ್ಟೆಲ್ಲ ಗದ್ದಲದ ನಂತರ ದೊಡ್ಡದೊಂದು ಪರೀಕ್ಷೆಯಾಗದೆ ನಿರ್ವಾಹವಿಲ್ಲವೆಂಬುದು ಸ್ಪಷ್ಟವಾಯಿತು. ಡಾರ್ಟ್‌ಮತ್ ವೈದ್ಯಕೀಯ ಕಾಲೇಜಿನ ಜೇಮ್ಸ್ ವೈನ್‌ಸ್ಟೈನ್ ಎಂಬ ಶಸ್ತ್ರವೈದ್ಯರ ಮುಂದಾಳುತನದಲ್ಲಿ 2000ದ ಮಾರ್ಚ್‌ನಲ್ಲಿ ಸ್ಪೋರ್ಟ್ ಎಂಬ ಹೆಸರಿನ ಅಧ್ಯಯನ ಶುರುವಾಯಿತು. ಹೆಸರು ಕೇಳಿ ಆಟೋಟವೆಂದು ತಿಳಿಯಬೇಡಿ. ಉದ್ದನೆಯ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳು ಅವು. 11 ರಾಜ್ಯಗಳ 13 ಆಸ್ಪತ್ರೆಗಳು, ಮೂರು ಕಾಯಿಲೆಗಳು: ಡಿಸ್ಕ್ ಒಡೆಯುವುದು, ನರನಾಳ ಕಿರಿದಾಗುವುದು, ಸವೆತದಿಂದ ಮಣಿ ಮುಂದಕ್ಕೆ ಸರಿಯುವುದು. ಚೀಟಿಗೆ ಒಪ್ಪಿದವರದು ಒಂದು ಪಂಗಡ. ಒಪ್ಪದೆ ತಮಗೆ ಬೇಕಾದ ಚಿಕಿತ್ಸೆ ಆರಿಸಿಕೊಂಡವರನ್ನೂ ದೂರ ಮಾಡದೆ ಬೇರೊಂದು ಪಂಗಡವಾಗಿ ಗಮನಿಸಿದರು.

ಡಿಸ್ಕ್ ಒಡೆದವರ ಫಲಿತಾಂಶ 2006ರ ನವೆಂಬರಿನಲ್ಲಿ ಬಂತು. ಚೀಟಿಗೆ ಒಪ್ಪಿದವರು 501 ಮಂದಿ. ಆಪರೇಷನ್ ಎಂದು ಚೀಟಿ ಬಂದವರಲ್ಲಿ ಮೂರು ತಿಂಗಳೊಳಗೆ ಮಾಡಿಸಿಕೊಂಡವರು ಅರ್ಧದಷ್ಟು ಜನ ಮಾತ್ರ. ನೋವು ತಾನಾಗಿ ಇಳಿಯುತ್ತಾ ಬಂದವನು ಆಪರೇಷನ್ನಿಗೆ ಏಕೆ ಮಲಗುತ್ತಾನೆ? ಇತ್ತ ಆಪರೇಷನ್ ಬೇಡವೆಂದು ಚೀಟಿ ಬಂದವರಲ್ಲಿ ನೂರಕ್ಕೆ 30 ಮಂದಿ ಅದೇ ಮೂರು ತಿಂಗಳಲ್ಲಿ ಮಾಡಿಸಿಕೊಂಡುಬಿಟ್ಟರು.

ವಿದ್ಯಾರ್ಥಿ ಮಿತ್ರರಿಗಾಗಿ ಒಂದು ಉದಾಹರಣೆ ಹೇಳುತ್ತೇನೆ. ಟ್ಯೂಷನ್ನಿನಿಂದ ಲಾಭವಿದೆಯೇ ಎಂದು ತಿಳಿಯಲು ಹತ್ತನೆಯ ತರಗತಿಯ ಮಕ್ಕಳನ್ನು ಚೀಟಿ ಎತ್ತಿ ಎರಡು ಭಾಗ ಮಾಡಿದೆವೆನ್ನಿ. ಟ್ಯೂಷನ್ನಿಗೆ ಹೋಗು ಎಂದವರಲ್ಲಿ ಅರ್ಧ ಮಂದಿ ಹೋಗಲಿಲ್ಲ, ಹೋಗಬೇಡ ಎಂದವರಲ್ಲಿ ಸುಮಾರು ಮೂರನೆಯ ಒಂದು ಪಾಲು ಹೋದರು. ಪರೀಕ್ಷೆಯ ಅಂಕ ಬಂದಾಗ ಹೇಗೆ ಲೆಕ್ಕ ಹಾಕುವುದು? ಚೀಟಿಯ ಪ್ರಕಾರ ಹಾಕಿದರೆ ಎರಡೂ ಗುಂಪು ಒಂದೇ ತರಹ ಕಾಣುತ್ತದೆ, ಏಕೆಂದರೆ ಎರಡರಲ್ಲೂ ಹೋದವರೂ ಹೋಗದವರೂ ಬೆರೆತಿದ್ದಾರೆ. ನಿಜವಾಗಿ ಹೋದವರು, ಹೋಗದವರು ಎಂದು ವಿಂಗಡಿಸಿದರೆ ಚೀಟಿ ಎತ್ತಿದ ಉದ್ದೇಶವೇ ಹಾಳು, ಏಕೆಂದರೆ ತಾವಾಗಿ ಹೋದವರು ಹೆಚ್ಚು ಆಸಕ್ತಿಯ ಮಕ್ಕಳಿರಬಹುದು.

ವೈನ್‌ಸ್ಟೈನ್ ಅವರ ತಂಡಕ್ಕೂ ಇದೇ ಆಯಿತು. ಚೀಟಿಯ ಲೆಕ್ಕದಲ್ಲಿ ಎರಡೂ ಕಡೆಯವರು ಎರಡು ವರ್ಷದಲ್ಲಿ ಬಹಳ ಸುಧಾರಿಸಿದ್ದರು. ಆಪರೇಷನ್ ಕಡೆಗೆ ತುಸು ಒಲವಿದ್ದರೂ ಅದು ಲೆಕ್ಕಕ್ಕೆ ಹಿಡಿಯುವಷ್ಟಿರಲಿಲ್ಲ. ನಿಜವಾಗಿ ಮಾಡಿಸಿಕೊಂಡವರನ್ನೂ ಮಾಡಿಸಿಕೊಳ್ಳದವರನ್ನೂ ಹೋಲಿಸಿದರೆ ಆಪರೇಷನ್ ಗೆದ್ದಿತು. ಚೀಟಿಯ ಲೆಕ್ಕದಿಂದ ಯಾವುದು ಮೇಲೆಂದೂ, ಎರಡೂ ಸಮವೆಂದೂ ಹೇಳಲಾಗದೆಂದು ಲೇಖಕರು ನೇರವಾಗಿ ಬರೆದರು. ಪತ್ರಿಕೆಗಳು ತಮಗೆ ಬೇಕಾದ ತಲೆಬರಹ ಕೊಟ್ಟುಕೊಂಡವು.

ಇಷ್ಟು ವರ್ಷ, ಇಷ್ಟು ಹಣ ಸುರಿದು ಬಂದ ಫಲ ಇಷ್ಟೇ ಏನು ಎಂದು ತಾವು ಕೇಳಬಹುದು. ನನ್ನ ದೃಷ್ಟಿಯಲ್ಲಿ ಆ ಸೋಲಿನಲ್ಲೇ ಒಂದು ಉತ್ತರವಿತ್ತು. ಕಾಯ್ದವರಲ್ಲಿ ಹೆಚ್ಚಿನವರು ಕೆಡಲಿಲ್ಲ. ಕೂಡಲೇ ಮಾಡಿಸದಿದ್ದರೆ ಕಾಲು ಹೋಗುತ್ತದೆಂಬ ಹೆದರಿಕೆಗೆ ಆಧಾರ ಕಾಣಲಿಲ್ಲ. ಹಾಗೆಯೇ, ತಾಳಲಾರದ ನೋವಿದ್ದವರು ಆಪರೇಷನ್ ಮಾಡಿಸಿಕೊಂಡು ಬೇಗ ನೆಮ್ಮದಿ ಪಡೆದರು. ಯಾರಿಗೆ ಯಾವುದು ಬೇಕೆಂದು ನಿರ್ಧರಿಸುವುದರಲ್ಲಿ ರೋಗಿಯ ಸ್ವಂತ ತಾಳ್ಮೆಗೂ ಅವನ ದುಡಿಮೆಯ ಅಗತ್ಯಕ್ಕೂ ಜಾಗವಿದೆಯೆಂದು ಆ ಚೀಟಿ ಮುರಿದ ರೋಗಿಗಳೇ ತೋರಿಸಿಕೊಟ್ಟರು.

ಮರುವರ್ಷ, 2007ರಲ್ಲಿ, ಹಾಲೆಂಡಿನ ವೈದ್ಯರು ಪ್ರಶ್ನೆಯನ್ನೇ ಜಾಣತನದಿಂದ ಬದಲಾಯಿಸಿದರು. ಆಪರೇಷನ್ ಬೇಕೋ ಬೇಡವೋ ಎನ್ನುವ ಬದಲು ಈಗಲೋ, ಕಾದು ನೋಡಿಯೋ ಎಂದು ಕೇಳಿದರು. ಆರರಿಂದ ಹನ್ನೆರಡು ವಾರ ತೀವ್ರ ಸಯಾಟಿಕಾ ಅನುಭವಿಸಿದ 283 ಮಂದಿ. ಬೇಗ ಆಪರೇಷನ್ ಎಂದು ಚೀಟಿ ಬಂದವರಲ್ಲಿ ನೂರಕ್ಕೆ 89 ಮಂದಿ ಮಾಡಿಸಿಕೊಂಡರು. ಕಾಯಿರಿ ಎಂದವರಲ್ಲಿ 39 ಮಂದಿಗೆ ಮುಂದೆ ಆಪರೇಷನ್ ಬೇಕಾಯಿತು, ಉಳಿದವರಿಗೆ ಬೇಕಾಗಲಿಲ್ಲ. ಗುಣವಾಗಲು ಮೊದಲ ಗುಂಪಿಗೆ ಸಾಮಾನ್ಯವಾಗಿ ನಾಲ್ಕು ವಾರ ಹಿಡಿದರೆ ಎರಡನೆಯದಕ್ಕೆ ಹನ್ನೆರಡು ವಾರ. ವರ್ಷ ತುಂಬುವಾಗ ಎರಡೂ ಗುಂಪುಗಳಲ್ಲಿ ನೂರಕ್ಕೆ 95 ಮಂದಿ ಗುಣವಾಗಿದ್ದರು. ಇಪ್ಪತ್ತೈದು ವರ್ಷಗಳ ಹಿಂದೆ ವೇಬರ್ ಕಂಡದ್ದೂ ಇದನ್ನೇ.

ಆದರೆ ಕಾಯುವುದಕ್ಕೂ ಮಿತಿಯಿದೆ. 2020ರಲ್ಲಿ ಕೆನಡಾದಿಂದ ಬಂದ 128 ಮಂದಿಯ ಪರೀಕ್ಷೆಯಲ್ಲಿ, ನಾಲ್ಕರಿಂದ ಹನ್ನೆರಡು ತಿಂಗಳು ನರಳಿಯೂ ನೋವು ಬಿಡದವರನ್ನು ತೆಗೆದುಕೊಂಡಿದ್ದರು. ಹತ್ತರ ಅಳತೆಯಲ್ಲಿ ಎಂಟರ ಸುಮಾರಿಗಿದ್ದ ಕಾಲುನೋವು ಆರು ತಿಂಗಳ ನಂತರ ಆಪರೇಷನ್ ಗುಂಪಿನಲ್ಲಿ 2.8ಕ್ಕೆ ಇಳಿದರೆ, ಇನ್ನೊಂದು ಗುಂಪಿನಲ್ಲಿ 5.2ಕ್ಕೆ ಮಾತ್ರ ಇಳಿಯಿತು. ತಾನಾಗಿ ಗುಣವಾಗುವವರು ಮೊದಲ ತಿಂಗಳುಗಳಲ್ಲೇ ಗುಣವಾಗಿ ಹೋಗಿರುತ್ತಾರೆ. ಉಳಿದವರಿಗೆ ಚಾಕು ಉಪಕಾರಿ.

ಬೆಸುಗೆಯ ವ್ಯಾಮೋಹ

ಇನ್ನು ವಯಸ್ಸಾದವರ ಕಾಯಿಲೆ. ಸ್ವಲ್ಪ ದೂರ ನಡೆದರೆ ಎರಡೂ ಕಾಲು ಭಾರವಾಗಿ ಜೋಮು ಹಿಡಿಯುತ್ತದೆ, ಕುಳಿತರೆ ಅಥವಾ ಮುಂದಕ್ಕೆ ಬಾಗಿದರೆ ಸರಿಯಾಗುತ್ತದೆ. ನರಗಳು ಹಾದುಹೋಗುವ ನಾಳ ಕಿರಿದಾಗುವುದೇ ಇದಕ್ಕೆ ಕಾರಣವೆಂದು ಹಾಲೆಂಡಿನ ಹೆಂಕ್ ವೆರ್ಬೀಸ್ಟ್ 1954ರಲ್ಲಿ ವಿವರಿಸಿದ್ದರು. ನಾಳದ ಹಿಂಗೋಡೆಯ ಮೂಳೆಯನ್ನು ಕೊರೆದು ಜಾಗ ಮಾಡಿದರೆ ನಡಿಗೆ ಸುಧಾರಿಸುತ್ತದೆ. ಸ್ಪೋರ್ಟ್ ಅಧ್ಯಯನದಲ್ಲಿಯೂ ನಿಜವಾಗಿ ಆಪರೇಷನ್ ಆದವರು ಮುಂದಿದ್ದರು, ಅಲ್ಲಿಯೂ ಚೀಟಿ ಮುರಿದವರು ಧಾರಾಳವಾಗಿದ್ದರೆಂಬುದು ಬೇರೆ ಮಾತು.

ವಿವಾದವಿದ್ದುದು ಜಾಗ ಮಾಡುವುದರ ಜೊತೆಗೆ ಮಣಿಗಳನ್ನು ಸ್ಕ್ರೂ, ಸರಳು ಹಾಕಿ ಬೆಸೆಯಬೇಕೇ ಎಂಬುದರಲ್ಲಿ. ಬೆಸುಗೆ ಎಂದರೆ ಆಪರೇಷನ್ ದೊಡ್ಡದು, ರಕ್ತ ಹೆಚ್ಚು, ಬಿಲ್ಲೂ ದೊಡ್ಡದು. 1991ರಲ್ಲಿ ಅಮೆರಿಕದ 50 ರೋಗಿಗಳ ಒಂದು ಚಿಕ್ಕ ಅಧ್ಯಯನ, ಮಣಿ ಸರಿದವರಿಗೆ ಬೆಸುಗೆ ಲಾಭಕರವೆಂದಿತು. ಅಲ್ಲಿ ಚೀಟಿಯೂ ಇರಲಿಲ್ಲ. ಒಬ್ಬರನ್ನು ಬಿಟ್ಟು ಒಬ್ಬರಿಗೆ ಬೆಸೆದಿದ್ದರು. ಆದರೂ ಅದರ ಆಧಾರದ ಮೇಲೆ ಪದ್ಧತಿ ಬೇರೂರಿತು.

ಬರೀ ಸೊಂಟನೋವಿಗಾಗಿ ಬೆಸೆಯುವುದರ ಬಗ್ಗೆ ಮೂರು ದೇಶಗಳು ಪರೀಕ್ಷೆ ನಡೆಸಿದವು. 2001ರಲ್ಲಿ ಸ್ವೀಡನ್ 294 ರೋಗಿಗಳ ಫಲಿತಾಂಶ ಪ್ರಕಟಿಸಿತು: ಬೆಸೆದವರ ಬೆನ್ನುನೋವು ನೂರಕ್ಕೆ 33ರಷ್ಟು ಇಳಿದರೆ ಬೆಸೆಯದವರದು 7ರಷ್ಟು. ಬೆಸುಗೆಯವರು ಹಿಗ್ಗಿದರು. ಆದರೆ ಆ ಎರಡನೆಯ ಗುಂಪಿಗೆ ಸಿಕ್ಕಿದ್ದು ಅವರು ಹಿಂದೆಯೇ ಮಾಡಿ ಸೋತಿದ್ದಂತಹ ಸಾಮಾನ್ಯ ಫಿಸಿಯೋಥೆರಪಿ. ಓಡಲಾರದ ಕುದುರೆಯೊಡನೆ ಪಂದ್ಯ ಕಟ್ಟಿದಂತೆ! ನಾರ್ವೆಯವರು 2003ರಲ್ಲಿ ನೋವಿನ ಭಯ ಹೋಗಲಾಡಿಸುವ ತಿಳುವಳಿಕೆ ಮತ್ತು ವ್ಯಾಯಾಮವನ್ನು ಎದುರು ನಿಲ್ಲಿಸಿದಾಗ ವ್ಯತ್ಯಾಸ ಮಾಯವಾಯಿತು. 2005ರಲ್ಲಿ ಆಕ್ಸ್‌ಫರ್ಡಿನ ಜೆರೆಮಿ ಫೇರ್‌ಬ್ಯಾಂಕ್ ಅವರ ತಂಡ 349 ರೋಗಿಗಳ ಪರೀಕ್ಷೆ ಮುಗಿಸಿತು. ಎದುರು ಗುಂಪಿಗೆ ಮೂರು ವಾರಗಳಲ್ಲಿ ಸುಮಾರು 75 ಗಂಟೆಗಳ ಕಠಿಣ ತಾಲೀಮು. ಎರಡು ವರ್ಷದ ನಂತರ ಬೆಸುಗೆಯವರು ಕೂದಲೆಳೆಯಷ್ಟು ಮುಂದೆ. ಅಪಾಯ, ಖರ್ಚುಗಳನ್ನು ಎದುರಿಗಿಟ್ಟರೆ ಅದು ಏನೇನೂ ಅಲ್ಲ.

ನಾಳ ಕಿರಿದಾದವರ ಬಗ್ಗೆ ಸ್ವೀಡನ್ 2016ರಲ್ಲಿ 247 ಮಂದಿಯ ಫಲಿತಾಂಶ ಕೊಟ್ಟಿತು. ಬರೀ ಜಾಗ ಮಾಡಿದವರೂ, ಜಾಗ ಮಾಡಿ ಬೆಸೆದವರೂ ಎರಡು ವರ್ಷಕ್ಕೂ ಐದು ವರ್ಷಕ್ಕೂ ಒಂದೇ ತರಹ. ಬೆಸೆದವರು ಆಸ್ಪತ್ರೆಯಲ್ಲಿ ಸರಾಸರಿ 7.4 ದಿನ, ಉಳಿದವರು 4.1 ದಿನ. ಅದೇ ಪತ್ರಿಕೆಯ ಅದೇ ಸಂಚಿಕೆಯಲ್ಲಿ ಅಮೆರಿಕದ 66 ರೋಗಿಗಳ ಅಧ್ಯಯನವೊಂದು ಬೆಸುಗೆಗೆ ಸ್ವಲ್ಪ ಮೇಲುಗೈ ತೋರಿಸಿತು. ಎರಡು ಲೇಖನಗಳನ್ನು ಅಕ್ಕಪಕ್ಕ ಇಟ್ಟುಕೊಂಡು ವೈದ್ಯರು ಜಗಳವಾಡಿದರು. 2021ರಲ್ಲಿ ನಾರ್ವೆಯ 16 ಆಸ್ಪತ್ರೆಗಳಿಂದ, ಮಣಿ ಸರಿದ 267 ರೋಗಿಗಳ ಫಲ ಬಂದಾಗ ತಕ್ಕಡಿ ಒಂದು ಕಡೆ ವಾಲಿತು. ಗಣನೀಯವಾಗಿ ಸುಧಾರಿಸಿದವರು ಬೆಸೆಯದ ಗುಂಪಿನಲ್ಲಿ ನೂರಕ್ಕೆ 71.4, ಬೆಸೆದ ಗುಂಪಿನಲ್ಲಿ 72.9. ಐದು ವರ್ಷಗಳ ನಂತರದ ವರದಿ 2024ರಲ್ಲಿ ಪ್ರಕಟವಾಗಿದ್ದು ಅದೂ ಬೇರೆ ಹೇಳಲಿಲ್ಲ.

ಮುಚ್ಚಿಟ್ಟ ಪುಟಗಳು

ಪರೀಕ್ಷೆ ನಡೆಸಿದರಷ್ಟೇ ಸಾಲದು, ಅದನ್ನು ನಡೆಸಿದವರು ಯಾರು ಎಂದೂ ನೋಡಬೇಕೆಂಬುದಕ್ಕೆ ಬೆಸುಗೆಯ ಕಥೆಯಲ್ಲೇ ನಿದರ್ಶನವಿದೆ. ಮೂಳೆ ಬೇಗ ಬೆಸೆಯಲು ಹಚ್ಚುವ ಇನ್‌ಫ್ಯೂಸ್ ಎಂಬ ಪ್ರೋಟೀನಿಗೆ 2002ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತ್ತು. ತಯಾರಿಸಿದ್ದು ಮೆಡ್‌ಟ್ರಾನಿಕ್ ಕಂಪೆನಿ. ಕಂಪೆನಿಯ ನೆರವಿನಿಂದ ನಡೆದ 13 ಅಧ್ಯಯನಗಳು, 780 ರೋಗಿಗಳು. ಆ ಪ್ರೋಟೀನಿನಿಂದಾದ ಒಂದೇ ಒಂದು ತೊಂದರೆಯೂ ಅವುಗಳಲ್ಲಿ ದಾಖಲಾಗಿರಲಿಲ್ಲ. 2011ರಲ್ಲಿ ಬೆನ್ನುಮೂಳೆ ವೈದ್ಯರದೇ ಒಂದು ಪತ್ರಿಕೆಯ ಸಂಪಾದಕ ಯುಜೀನ್ ಕ್ಯಾರಗೀ ಮತ್ತು ಸಂಗಡಿಗರು ಸರ್ಕಾರಕ್ಕೆ ಸಲ್ಲಿಕೆಯಾಗಿದ್ದ ದಾಖಲೆಗಳೊಡನೆ ಈ ಲೇಖನಗಳನ್ನು ತಾಳೆ ನೋಡಿದರು. ತೊಂದರೆಗಳು ಬೇಕಾದಷ್ಟಿದ್ದವು, ಲೇಖನಗಳಲ್ಲಿ ಬಂದಿರಲಿಲ್ಲ ಅಷ್ಟೇ. ಲೇಖಕರಲ್ಲಿ ಅನೇಕರಿಗೆ ಕಂಪೆನಿಯಿಂದ ದೊಡ್ಡ ಮೊತ್ತ ಸಂದಿತ್ತು. ಇಡೀ ಸಂಚಿಕೆಯನ್ನು ಅವರು ಇದಕ್ಕೇ ಮೀಸಲಿಟ್ಟರು. ತಮ್ಮದೇ ವೃತ್ತಿಬಾಂಧವರ ಲೆಕ್ಕ ಕೇಳಲು ಎದೆ ಬೇಕು. ನಂತರ ಕಂಪೆನಿ ತನ್ನ ಅಂಕಿಅಂಶಗಳನ್ನು ಯೇಲ್ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿತು. 2013ರಲ್ಲಿ ಎರಡು ಸ್ವತಂತ್ರ ತಂಡಗಳು ಅವನ್ನು ಪರಿಶೀಲಿಸಿ, ರೋಗಿಯ ಸ್ವಂತ ಮೂಳೆಯ ಚೂರು ಇಟ್ಟು ಬೆಸೆಯುವುದಕ್ಕಿಂತ ಇದರಿಂದ ಹೇಳಿಕೊಳ್ಳುವಂತಹ ಹೆಚ್ಚಿನ ಲಾಭವಿಲ್ಲವೆಂದು ವರದಿ ಮಾಡಿದವು.

ಪರೀಕ್ಷೆ ಶುರುವಾಗುವ ಮೊದಲೇ ಏನನ್ನು ಅಳೆಯುತ್ತೇವೆಂದು ಬಹಿರಂಗವಾಗಿ ನೋಂದಾಯಿಸಬೇಕೆಂಬ ಕಟ್ಟಳೆ ಇಂತಹ ಅನುಭವಗಳಿಂದ ಹುಟ್ಟಿತು. ನಮ್ಮ ದೇಶದಲ್ಲಿಯೂ 2007ರ ಜುಲೈನಲ್ಲಿ ಕೇಂದ್ರ ಸರ್ಕಾರದ ಆಶ್ರಯದಲ್ಲಿ ಇಂತಹ ನೋಂದಣಿ ಆರಂಭವಾಯಿತು, 2009ರ ಜೂನ್‌ನಿಂದ ಕಡ್ಡಾಯವೂ ಆಯಿತು. ವೈದ್ಯಕೀಯ ವಿದ್ಯಾರ್ಥಿಗಳು ಅದನ್ನು ತೆರೆದು ನೋಡುವ ಅಭ್ಯಾಸ ಮಾಡಿಕೊಳ್ಳಬಹುದು, ಶುಲ್ಕವೇನೂ ಇಲ್ಲ.

ಕೊನೆಯದಾಗಿ, ಈ ಲೇಖನ ಓದಿ ಯಾರೂ ಎಲ್ಲ ಆಪರೇಷನ್ನುಗಳನ್ನೂ ಮುಂದೂಡಬೇಕೆಂದು ತಿಳಿಯಬಾರದು. ಸೊಂಟನೋವಿನ ಜೊತೆಗೆ ಮೂತ್ರ ಕಟ್ಟಿದರೆ ಅಥವಾ ಅರಿವಿಲ್ಲದೆ ಹೋಗತೊಡಗಿದರೆ, ಮಲದ ಹಿಡಿತ ತಪ್ಪಿದರೆ, ಕುಳಿತುಕೊಳ್ಳುವ ಭಾಗದಲ್ಲಿ ಸ್ಪರ್ಶ ಮರಗಟ್ಟಿದರೆ, ಕಾಲಿನ ಬಲ ದಿನದಿಂದ ದಿನಕ್ಕೆ ಕುಂದುತ್ತಿದ್ದರೆ ಅದು ನರಗಳ ಗೊಂಚಲೇ ಅದುಮಿಹೋಗುತ್ತಿರುವ ಸೂಚನೆ. ವೇಬರ್ ಆಗಲಿ, ವೈನ್‌ಸ್ಟೈನ್ ಆಗಲಿ, ಹಾಲೆಂಡಿನವರಾಗಲಿ ಇಂತಹವರನ್ನು ತಮ್ಮ ಚೀಟಿಗೆ ಸೇರಿಸಿಕೊಳ್ಳಲೇ ಇಲ್ಲ. ಅವರನ್ನು ಅದೇ ದಿನ, ರಾತ್ರಿಯಾದರೂ ಸರಿ, ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು.